ಮೊನಾಕೊ ಹೆಲಿಪೋರ್ಟ್: ಕಡಲಂಚಿನ ಆಕಾಶಬಾಗಿಲು – ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಫ್ರಾನ್ಸ್‌ನ ನೀಸ್ ನಗರಕ್ಕೆ ಪ್ರವಾಸ ಹೊರಟ ಕನ್ನಡಿಗರು ಪಕ್ಕದ ಪುಟ್ಟ ದೇಶ ಮೊನಾಕೊವನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಟಿಕೆಟ್ ಹುಡುಕುವಾಗ ‘ನೀಸ್–ಮೊನಾಕೊ, ಹೆಲಿಕಾಪ್ಟರ್‌ನಲ್ಲಿ 7 ನಿಮಿಷ’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ಮೊನಾಕೊ ಹೆಲಿಪೋರ್ಟ್ ಎಂದರೆ ಶ್ರೀಮಂತರ ಆಟಿಕೆ ಎಂದು ಹಲವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನೆಲವೇ ಇಲ್ಲದ ಒಂದು ದೇಶ ಸಮುದ್ರದಿಂದ ಒಂದಿಷ್ಟು ನೆಲ ಪಡೆದು, ಅದರ ಅಂಚಿನಲ್ಲಿ ತನಗೊಂದು ಆಕಾಶಬಾಗಿಲು ಮಾಡಿಕೊಂಡ ಕಥೆ ಅದು. ಪ್ರಯಾಣದ ವಿವರಗಳ ಜೊತೆಗೆ ಆ ಕಥೆಯನ್ನೂ ಇಲ್ಲಿ ಹೇಳಿದ್ದೇನೆ.

ಮೊನಾಕೊಗೆ ನಿಜಕ್ಕೂ ಸ್ವಂತ ವಿಮಾನ ನಿಲ್ದಾಣ ಇಲ್ಲವೆ?

ಇಲ್ಲ. ಹಣದ ಕೊರತೆಯಿಂದಲ್ಲ, ಜಾಗದ ಕೊರತೆಯಿಂದ. ದೇಶದ ವಿಸ್ತೀರ್ಣ ಸುಮಾರು 2.08 ಚದರ ಕಿಲೋಮೀಟರ್. ನಮ್ಮ ಲಾಲ್‌ಬಾಗ್ 240 ಎಕರೆ ಇದೆ. ಅಂಥ ಎರಡು ಲಾಲ್‌ಬಾಗ್‌ಗಳನ್ನು ಕಡಲ ದಂಡೆಯುದ್ದಕ್ಕೂ ಹಾಸಿ, ಇನ್ನೊಂದು ಚೂರು ಸೇರಿಸಿದರೆ ಮೊನಾಕೊ ಮುಗಿಯಿತು. ಅಷ್ಟರಲ್ಲೇ ಸುಮಾರು 38 ಸಾವಿರ ಜನ ವಾಸಿಸುತ್ತಾರೆ. ಅರಮನೆ, ಆಸ್ಪತ್ರೆ, ಬಂದರು, ಫುಟ್‌ಬಾಲ್ ಕ್ರೀಡಾಂಗಣ, ನೆಲದಡಿಯ ರೈಲು ನಿಲ್ದಾಣ ಎಲ್ಲವೂ ಅಲ್ಲೇ ಇವೆ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ರನ್‌ವೇಗಳಲ್ಲಿ ಒಂದೊಂದೂ 4 ಕಿಲೋಮೀಟರ್ ಉದ್ದ. ಮೊನಾಕೊದ ಇಡೀ ಕಡಲತೀರ ಹೆಚ್ಚುಕಡಿಮೆ ಅಷ್ಟೇ ಉದ್ದವಿದೆ. ನಮ್ಮ ವಿಮಾನ ನಿಲ್ದಾಣದ ಆವರಣ ಸುಮಾರು 4,000 ಎಕರೆ, ಅಂದರೆ ಏಳೆಂಟು ಮೊನಾಕೊಗಳನ್ನು ಅದರೊಳಗೆ ಇಡಬಹುದು. ಸಾಲದ್ದಕ್ಕೆ ಊರಿನ ಬೆನ್ನಿಗೇ ಬೆಟ್ಟ. ಟೆಟ್ ದ ಶಿಯಾನ್ ಎಂಬ ಬಂಡೆಗುಡ್ಡ ಐನೂರು ಮೀಟರಿಗೂ ಮಿಕ್ಕಿ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತಿದೆ. ಮುಂದೆ ಕಡಲು, ಹಿಂದೆ ಕಡಿದಾದ ಬೆಟ್ಟ. ರೆಕ್ಕೆಯ ವಿಮಾನಕ್ಕೆ ಓಡಲು, ಏರಲು, ತಿರುಗಲು ಅಲ್ಲಿ ಎಡೆಯಿಲ್ಲ. ನಿಂತಲ್ಲಿಂದಲೇ ಮೇಲೇಳುವ ಯಂತ್ರವೊಂದೇ ಅಲ್ಲಿಗೆ ಹೊಂದುತ್ತದೆ.

ಹೆಲಿಪೋರ್ಟ್ ಎಲ್ಲಿದೆ? ಸಮುದ್ರದ ಮೇಲೆ ಕಟ್ಟಿದ್ದಾರೆ ಎನ್ನುವುದು ನಿಜವೆ?

ದೇಶದ ನೈಋತ್ಯ ತುದಿಯಲ್ಲಿ, ಫೊಂವಿಯೆಯ್ ಎಂಬ ಬಡಾವಣೆಯ ಅಂಚಿನಲ್ಲಿದೆ. ಅದರಾಚೆ ಫ್ರಾನ್ಸ್‌ನ ಕಾಪ್ ದಾಯ್ ಎಂಬ ಊರು.

ಸಮುದ್ರದ ಮಾತು ನಿಜ. ಫೊಂವಿಯೆಯ್‌ನ ಬಹುಭಾಗ ಐವತ್ತು–ಅರವತ್ತು ವರ್ಷಗಳ ಹಿಂದೆ ನೀರಾಗಿತ್ತು. 1949ರಿಂದ 2005ರವರೆಗೆ ಆಳಿದ ಮೂರನೆಯ ರೇನಿಯೆ ರಾಜಕುಮಾರನನ್ನು ಅಲ್ಲಿಯವರು ‘ಕಟ್ಟುವ ರಾಜಕುಮಾರ’ ಎಂದು ನೆನೆಯುತ್ತಾರೆ. ಅವನ ಕಾಲದಲ್ಲಿ, 1960ರ ದಶಕದ ಕೊನೆಯಿಂದ, ಕಲ್ಲು ಮಣ್ಣು ತುಂಬಿ ಇಪ್ಪತ್ತು ಹೆಕ್ಟೇರಿಗೂ ಹೆಚ್ಚು ನೆಲವನ್ನು ಕಡಲಿನಿಂದ ಮೇಲೆತ್ತಿದರು. ಅದೇ ನೆಲದ ಮೇಲೆ 1985ರಲ್ಲಿ ಎರಡನೆಯ ಲೂಯಿ ಕ್ರೀಡಾಂಗಣ ತೆರೆಯಿತು. ವಸತಿ ಕಟ್ಟಡಗಳು, ಸಣ್ಣ ಕೈಗಾರಿಕೆಗಳು, ದೋಣಿಗಳ ತಂಗುದಾಣ, ರೇನಿಯೆಯ ಪತ್ನಿ ಗ್ರೇಸ್ ರಾಜಕುಮಾರಿಯ ನೆನಪಿನ ಗುಲಾಬಿ ತೋಟ ಬಂದವು. ಹೆಲಿಪೋರ್ಟ್ ಅದರ ಕಡಲಂಚನ್ನು ಹಿಡಿಯಿತು. ಇಂದು ದೇಶದ ಒಟ್ಟು ನೆಲದಲ್ಲಿ ಸುಮಾರು ಐದನೆಯ ಒಂದು ಪಾಲು ಹೀಗೆ ಕಡಲಿನಿಂದ ಪಡೆದದ್ದು. ಇತ್ತೀಚಿನ ಸೇರ್ಪಡೆ ಪೂರ್ವದ ಬದಿಯ ಮಾರೆತೆರ್ರಾ, 2024ರಲ್ಲಿ ತೆರೆದ ಸುಮಾರು 6 ಹೆಕ್ಟೇರಿನ ಹೊಸ ಬಡಾವಣೆ.

ಇದು ಸುಲಭದ ಕೆಲಸವಲ್ಲ. ನಮ್ಮ ಕರಾವಳಿಯ ಹಾಗೆ ಅಲ್ಲಿ ಕಡಲು ನಿಧಾನವಾಗಿ ಆಳವಾಗುವುದಿಲ್ಲ. ದಂಡೆ ಬಿಟ್ಟು ಸ್ವಲ್ಪ ದೂರ ಹೋದರೆ ತಳ ಥಟ್ಟನೆ ಕೆಳಗಿಳಿಯುತ್ತದೆ. ಅದೇ ಕರಾವಳಿಯ ನೀಸ್‌ನಲ್ಲಿ 1979ರ ಅಕ್ಟೋಬರ್ 16ರಂದು ವಿಮಾನ ನಿಲ್ದಾಣದ ಪಕ್ಕ ಕಡಲಿಗೆ ತುಂಬಿದ್ದ ನೆಲ ಕುಸಿದು, ಅಲೆಗಳು ದಡಕ್ಕೆ ನುಗ್ಗಿ ಜೀವಹಾನಿಯಾಯಿತು. ಕಡಲನ್ನು ತುಂಬಿ ನೆಲ ಮಾಡುವ ಮಾತು ನಮ್ಮಲ್ಲೂ ಆಗಾಗ ಏಳುತ್ತದೆ. ಆಗ ಮೊನಾಕೊದ ಗಟ್ಟಿ ನೆಲದೊಂದಿಗೆ ನೀಸ್‌ನ ಆ ದಿನವನ್ನೂ ನೆನಪಿಡಬೇಕು.

ಹೆಲಿಪ್ಯಾಡ್ ಮತ್ತು ಹೆಲಿಪೋರ್ಟ್ ಬೇರೆ ಬೇರೆಯೆ?

ಬೇರೆ. ಮಂತ್ರಿಗಳು ಬರುತ್ತಾರೆಂದರೆ ನಮ್ಮ ಊರಿನ ಶಾಲೆಯ ಮೈದಾನದಲ್ಲಿ ಸುಣ್ಣದಿಂದ ವೃತ್ತ ಬರೆದು, ಧೂಳು ಏಳದಂತೆ ನೀರು ಹೊಡೆಯುತ್ತಾರಲ್ಲ, ಅದು ಹೆಲಿಪ್ಯಾಡ್. ಹೆಲಿಪೋರ್ಟ್‌ನಲ್ಲಿ ಇಳಿಯುವ ಜಾಗದ ಜೊತೆಗೆ ಹಲವು ಹೆಲಿಕಾಪ್ಟರ್‌ಗಳು ನಿಲ್ಲುವ ಸ್ಥಳ, ಪ್ರಯಾಣಿಕರ ಕಟ್ಟಡ, ತಪಾಸಣೆ, ಅಗ್ನಿಶಾಮಕ ವ್ಯವಸ್ಥೆ, ಸಂಚಾರ ನಿಯಂತ್ರಣ ಎಲ್ಲವೂ ಇರುತ್ತವೆ. ಮೊನಾಕೊದ್ದು ಎರಡನೆಯ ಬಗೆಯದು. ಅಂತರರಾಷ್ಟ್ರೀಯ ಟಿಕೆಟ್ ವ್ಯವಸ್ಥೆಯಲ್ಲಿ ಅದಕ್ಕೆ ‘ಎಂಸಿಎಂ’ ಎಂಬ ಮೂರಕ್ಷರದ ಗುರುತಿದೆ. ವೈಮಾನಿಕ ನಕ್ಷೆಗಳಲ್ಲಿ ಅದರ ಹೆಸರು ‘ಎಲ್‌ಎನ್‌ಎಂಸಿ’. ಮೊದಲ ಎರಡು ಅಕ್ಷರಗಳನ್ನು ಮೊನಾಕೊ ದೇಶಕ್ಕೆಂದೇ ಕೊಟ್ಟಿದ್ದಾರೆ. ಒಂದೇ ಒಂದು ಹೆಲಿಪೋರ್ಟ್ ಇರುವ ದೇಶಕ್ಕೂ ಆಕಾಶದ ಲೆಕ್ಕದಲ್ಲಿ ದೊಡ್ಡ ದೇಶಗಳಂತೆಯೇ ಸ್ವಂತ ಗುರುತು.

ನೀಸ್‌ನಿಂದ ಎಷ್ಟು ಹೊತ್ತು? ದಾರಿಯಲ್ಲಿ ಏನು ಕಾಣುತ್ತದೆ?

ಹಾರಾಟ ಸುಮಾರು 7 ನಿಮಿಷ. ಬೆಂಗಳೂರಿನಿಂದ ಪ್ಯಾರಿಸ್‌ಗೋ ಫ್ರಾಂಕ್‌ಫರ್ಟ್‌ಗೋ ನೇರ ವಿಮಾನದಲ್ಲಿ ಹೋಗಿ, ಅಲ್ಲಿ ಬದಲಾಯಿಸಿ ನೀಸ್‌ನಲ್ಲಿ ಇಳಿಯಬಹುದು. ಹೆಲಿಕಾಪ್ಟರ್ ನೀಸ್ ವಿಮಾನ ನಿಲ್ದಾಣದ ಆವರಣದಿಂದಲೇ ಏಳುತ್ತದೆ.

ಬಲಗಡೆ ಬರಿಯ ನೀಲಿ, ಎಡಗಡೆ ಇಡೀ ಕರಾವಳಿ. ಮೊದಲು ನೀಸ್‌ನ ‘ದೇವದೂತರ ಕೊಲ್ಲಿ’ ಬಿಲ್ಲಿನಂತೆ ಬಾಗಿರುವುದು ಕಾಣುತ್ತದೆ. ಹಳೆಯ ಊರು ಮತ್ತು ಕೋಟೆಗುಡ್ಡ ದಾಟಿದ ಮೇಲೆ ವಿಲ್‌ಫ್ರಾಂಶ್‌ನ ಆಳವಾದ ಕೊಲ್ಲಿ ಬರುತ್ತದೆ. ಅಲ್ಲಿ ದೊಡ್ಡ ಹಡಗುಗಳು ಲಂಗರು ಹಾಕಿರುತ್ತವೆ. ಬಳಿಕ ಪೈನ್ ಮರಗಳ ಹಸಿರಿನಿಂದ ಮುಚ್ಚಿದ ಕಾಪ್ ಫೆರಾ ಭೂಶಿರ ಕಡಲಿಗೆ ಕೈಚಾಚಿದಂತೆ ಬರುತ್ತದೆ. ಮುಂದೆ ಬೋಲಿಯು, ಅದರ ಮೇಲೆ ಬಂಡೆಯ ತಲೆಗೆ ಹಕ್ಕಿಗೂಡಿನಂತೆ ಅಂಟಿಕೊಂಡ ಎಝ್ ಗ್ರಾಮ. ಬೆಟ್ಟದ ಮೈಯಲ್ಲಿ ಮೂರು ಎತ್ತರಗಳಲ್ಲಿ ಮೂರು ಕಾರ್ನಿಶ್ ರಸ್ತೆಗಳು ಗೆರೆ ಎಳೆದಂತೆ ಸಾಗುತ್ತವೆ. ಆ ಕರಾವಳಿಯ ರಚನೆಯನ್ನು ಇಷ್ಟು ಸ್ಪಷ್ಟವಾಗಿ ನೆಲದ ಮೇಲಿನಿಂದ ನೋಡಲು ಆಗುವುದಿಲ್ಲ. ರೈಲಿನಲ್ಲಿ ಸುರಂಗಗಳು ಅಡ್ಡ ಬರುತ್ತವೆ, ರಸ್ತೆಯಲ್ಲಿ ತಿರುವುಗಳು. ಕೊನೆಗೆ ಹಳೆಯ ಮೊನಾಕೊ ನಿಂತಿರುವ ಬಂಡೆ ಎದುರಾಗುತ್ತದೆ. ಜನ ಅದನ್ನು ಕರೆಯುವುದೂ ‘ಬಂಡೆ’ ಎಂದೇ. ಅದರ ನೆತ್ತಿಯ ಮೇಲೆ ಅರಮನೆ. ಅಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಟಿಕೆಟ್ ದರ ಎಷ್ಟು? ಅಷ್ಟು ಕೊಟ್ಟು ಹೋಗಬೇಕೆ?

ನೀಸ್–ಮೊನಾಕೊ ನಡುವೆ ಒಬ್ಬರಿಗೆ ಒಂದು ಬದಿಗೆ ಇನ್ನೂರು ಯೂರೋ ಆಸುಪಾಸು ಎಂದುಕೊಳ್ಳಿ. ಕಾಲಕ್ಕೆ ತಕ್ಕಂತೆ ಏರಿಳಿತ ಇರುತ್ತದೆ. ಅದೇ ದೂರಕ್ಕೆ ರೈಲಿನಲ್ಲಿ ಹತ್ತು ಯೂರೋ ಕೂಡ ಬೇಕಾಗುವುದಿಲ್ಲ. ನೀಸ್ ನಗರದ ಮುಖ್ಯ ನಿಲ್ದಾಣದಿಂದ ಅರ್ಧ ಗಂಟೆಯೊಳಗೆ ರೈಲು ಮೊನಾಕೊ ತಲುಪುತ್ತದೆ. ವಿಮಾನ ನಿಲ್ದಾಣದ ಹತ್ತಿರವೂ ಸಣ್ಣ ರೈಲು ನಿಲ್ದಾಣವಿದೆ.

ಊರು ಸೇರುವುದಷ್ಟೇ ಉದ್ದೇಶವಾದರೆ ರೈಲು ಹತ್ತಿ. ತಪಾಸಣೆ, ಕಾಯುವಿಕೆ ಸೇರಿಸಿದರೆ ಹೆಲಿಕಾಪ್ಟರ್ ಉಳಿಸುವ ಸಮಯ ಜಾಹೀರಾತಿನಲ್ಲಿ ಕಂಡಷ್ಟು ದೊಡ್ಡದಲ್ಲ. ಆದರೆ ಜೀವನದಲ್ಲಿ ಒಮ್ಮೆ ಹೆಲಿಕಾಪ್ಟರ್ ಹತ್ತಬೇಕು ಎಂಬ ಆಸೆ ನಿಮಗೋ, ನಿಮ್ಮೊಂದಿಗೆ ಬಂದ ವಯಸ್ಸಾದ ತಂದೆತಾಯಿಗೋ ಇದ್ದರೆ, ಅದನ್ನು ತೀರಿಸಿಕೊಳ್ಳಲು ಇದಕ್ಕಿಂತ ಸುಂದರವಾದ ಏಳು ನಿಮಿಷ ಸಿಗುವುದು ಕಷ್ಟ. ಹೋಗುವಾಗ ಹೆಲಿಕಾಪ್ಟರ್, ಬರುವಾಗ ರೈಲು: ನನ್ನನ್ನು ಕೇಳಿದವರಿಗೆ ಹೇಳುವುದು ಇದನ್ನೇ. ಎತ್ತರದಿಂದ ಕಂಡ ಕೊಲ್ಲಿಗಳನ್ನು ಮರಳುವಾಗ ಕಿಟಕಿಯ ಮಟ್ಟದಲ್ಲಿ ಒಂದೊಂದಾಗಿ ಗುರುತಿಸಬಹುದು.

ಭಾರತೀಯರಿಗೆ ಪ್ರತ್ಯೇಕ ವೀಸಾ ಬೇಕೆ?

ಮೊನಾಕೊಗೆಂದು ಪ್ರತ್ಯೇಕ ಪ್ರವಾಸಿ ವೀಸಾ ಇಲ್ಲ. ಅದು ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲ, ಆದರೆ ಫ್ರಾನ್ಸ್‌ನೊಂದಿಗಿನ ಒಪ್ಪಂದಗಳಿಂದಾಗಿ ಷೆಂಗೆನ್ ಗಡಿಯ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ಬಿಟ್ಟ ಐರೋಪ್ಯ ದೇಶಗಳ ಕೂಟದ, ಒಳಗೇ ಬರುತ್ತದೆ. ಷೆಂಗೆನ್ ವೀಸಾ ಇದ್ದರೆ ಸಾಕು. ಮೊನಾಕೊದಲ್ಲೇ ಹೆಚ್ಚು ದಿನ ತಂಗುವವರು ಫ್ರಾನ್ಸ್‌ನ ಮೂಲಕ ಅರ್ಜಿ ಹಾಕಬೇಕು. ನೀಸ್‌ನಿಂದ ಹಾರುವಾಗ ನೀವು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತಿದ್ದರೂ ಗಡಿ ದಾಟಿದ್ದು ಗೊತ್ತಾಗುವುದಿಲ್ಲ. ಆದರೂ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಪೆಟ್ಟಿಗೆಯೊಳಗೆ ಹಾಕಬೇಡಿ.

ನನ್ನ ತೂಕ ಏಕೆ ಕೇಳುತ್ತಾರೆ? ಸೂಟ್‌ಕೇಸ್ ಒಯ್ಯಬಹುದೆ?

ಮುಜುಗರ ಬೇಡ, ಎಲ್ಲರನ್ನೂ ಕೇಳುತ್ತಾರೆ. ದೊಡ್ಡ ವಿಮಾನದಲ್ಲಿ ಒಬ್ಬರ ತೂಕ ಲೆಕ್ಕಕ್ಕೆ ಬರುವುದಿಲ್ಲ. ಐದಾರು ಜನ ಕೂರುವ ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಒಟ್ಟು ಭಾರ ಮಿತಿಯೊಳಗೆ ಇರಬೇಕು, ಅದು ಹಿಂದೆ–ಮುಂದೆ, ಎಡ–ಬಲ ಸಮವಾಗಿಯೂ ಹಂಚಿರಬೇಕು. ಚಿಕ್ಕ ದೋಣಿಯಲ್ಲಿ ಅಂಬಿಗ ‘ನೀವು ಆ ಕಡೆ ಕೂತುಕೊಳ್ಳಿ’ ಎನ್ನುವ ಹಾಗೆಯೇ ಇದು. ಹಾಗಾಗಿ ಯಾವ ಆಸನ ಎಂಬುದನ್ನು ಸಿಬ್ಬಂದಿ ತೀರ್ಮಾನಿಸುತ್ತಾರೆ. ಮುಂದಿನ ಆಸನವೇ ಬೇಕು ಎಂದು ಹಟ ಹಿಡಿಯುವುದು ಸರಿಯಲ್ಲ.

ಸಾಮಾನಿಗೂ ಮಿತಿಯಿದೆ. ಟಿಕೆಟ್ ಕೊಳ್ಳುವಾಗಲೇ ಅಳತೆ ಕೇಳಿಕೊಳ್ಳಿ. ಮಗನ ಮನೆಗೆಂದು ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ ಎರಡು ದೊಡ್ಡ ಪೆಟ್ಟಿಗೆಗಳಿದ್ದರೆ ಅವು ರಸ್ತೆಯ ಮೂಲಕ ಬರಬೇಕಾಗಬಹುದು. ಅಂಥ ವ್ಯವಸ್ಥೆಯ ಬಗ್ಗೆ ಮೊದಲೇ ವಿಚಾರಿಸಿ.

ಹತ್ತುವಾಗ ನೆನಪಿಡಬೇಕಾದದ್ದು: ಸಿಬ್ಬಂದಿ ಕರೆಯುವವರೆಗೆ ಹೆಲಿಕಾಪ್ಟರ್‌ನತ್ತ ಹೋಗಬಾರದು. ಬಾಲದ ಕಡೆಗೆ ಹೆಜ್ಜೆ ಇಡಲೇಬಾರದು. ಟೋಪಿ, ದುಪಟ್ಟಾ, ಸೀರೆಯ ಸೆರಗು ಗಾಳಿಗೆ ಹಾರದಂತೆ ಬಿಗಿಯಾಗಿ ಹಿಡಿದುಕೊಳ್ಳಿ. ಮಕ್ಕಳ ಕೈ ಬಿಡಬೇಡಿ.

ಯಾವ ಹೆಲಿಕಾಪ್ಟರ್ ಹಾರುತ್ತದೆ?

ನೀಸ್–ಮೊನಾಕೊ ದಾರಿಯಲ್ಲಿ ಹೆಚ್ಚಾಗಿ ಕಾಣುವುದು ಏರ್‌ಬಸ್‌ನ ಎಚ್130. ಒಂದು ಎಂಜಿನ್, ಪೈಲಟ್ ಜೊತೆಗೆ ಸಾಮಾನ್ಯವಾಗಿ ಆರು ಪ್ರಯಾಣಿಕರು, ಅಗಲವಾದ ಗಾಜಿನ ಕಿಟಕಿಗಳು. ಇದು ತಯಾರಾಗುವುದು ಅದೇ ಕರಾವಳಿಯ ಮಾರ್ಸೇಯ್ ನಗರದ ಪಕ್ಕದ ಮಾರಿಯ್ಞಾನ್‌ನಲ್ಲಿ. ಅಂದರೆ ಈ ಹೆಲಿಕಾಪ್ಟರ್ ಆ ಸೀಮೆಯದೇ ಕೂಸು.

ಅದರ ಬಾಲದಲ್ಲಿ ಒಂದು ವಿಶೇಷವಿದೆ. ಸಾಮಾನ್ಯ ಹೆಲಿಕಾಪ್ಟರ್‌ಗಳ ಬಾಲದ ತುದಿಯಲ್ಲಿ ಸಣ್ಣ ಫ್ಯಾನು ಬಯಲಲ್ಲೇ ತಿರುಗುತ್ತದೆ. ಎಚ್130ರಲ್ಲಿ ಅದು ಬಾಲದೊಳಗೇ ಕೊರೆದ ಗುಂಡು ಕಿಂಡಿಯಲ್ಲಿ ಕುಳಿತಿದೆ. ಇದಕ್ಕೆ ‘ಫೆನೆಸ್ಟ್ರಾನ್’ ಎಂದು ಹೆಸರು. ಆ ಸೀಮೆಯ ಹಳೆಯ ನುಡಿಯಾದ ಪ್ರೊವಾನ್ಸಾಲ್‌ನಲ್ಲಿ ಅದರ ಅರ್ಥ ‘ಪುಟ್ಟ ಕಿಟಕಿ’. 1968ರಲ್ಲಿ ಗಝೆಲ್ ಎಂಬ ಹೆಲಿಕಾಪ್ಟರ್‌ನಲ್ಲಿ ಮೊದಲು ಹಾರಿದ ಈ ಏರ್ಪಾಟಿನಿಂದ ಅಪಾಯವೂ ಕಡಿಮೆ, ಸದ್ದೂ ಕಡಿಮೆ. ಎಚ್130ರಲ್ಲಿ ಆ ಫ್ಯಾನಿನ ಅಲಗುಗಳ ನಡುವಿನ ಅಂತರವನ್ನು ಬೇಕೆಂದೇ ಅಸಮವಾಗಿ ಇಟ್ಟಿದ್ದಾರೆ. ಸಮವಾಗಿದ್ದರೆ ಒಂದೇ ಶ್ರುತಿಯಲ್ಲಿ ಕಿವಿ ಇರಿಯುವ ಸದ್ದು ಬರುತ್ತಿತ್ತು. ಈಗ ಅದು ಹಲವು ಶ್ರುತಿಗಳಿಗೆ ಹಂಚಿಹೋಗಿ ಮೆತ್ತಗಾಗುತ್ತದೆ. ಊರಿನ ಜನ ತಮ್ಮ ಮಾತಿನಲ್ಲೇ ಹೆಸರಿಟ್ಟ ಒಂದು ತಾಂತ್ರಿಕ ಉಪಾಯ ಜಗತ್ತಿನ ವೈಮಾನಿಕ ಶಬ್ದಕೋಶಕ್ಕೆ ಸೇರಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಈ ಹೆಲಿಕಾಪ್ಟರ್‌ಗೂ ಕರ್ನಾಟಕಕ್ಕೂ ನಂಟಿದೆ ಎಂದು ಕೇಳಿದೆ. ಹೌದೆ?

ಹೌದು. ಎಚ್130 ಹುಟ್ಟಿದ್ದು ‘ಎಕ್ಯುರೈ’, ಅಂದರೆ ಅಳಿಲು, ಎಂಬ ಹೆಲಿಕಾಪ್ಟರ್ ಮನೆತನದಲ್ಲಿ. ಈಗ ಎಚ್125 ಎಂದು ಕರೆಯುವ ಹೆಲಿಕಾಪ್ಟರ್ ಅದೇ ಮನೆತನದ್ದು. 2005ರ ಮೇ ತಿಂಗಳಲ್ಲಿ ಎವರೆಸ್ಟ್ ಶಿಖರದ ನೆತ್ತಿಯ ಮೇಲೆ ಇಳಿದದ್ದು ಈ ಬಳಗದ ಹೆಲಿಕಾಪ್ಟರೇ. ಎಚ್125ನ್ನು ಭಾರತದಲ್ಲಿ ಜೋಡಿಸಲು ಟಾಟಾ ಮತ್ತು ಏರ್‌ಬಸ್ ಆರಿಸಿಕೊಂಡ ಜಾಗ ಕೋಲಾರ ಜಿಲ್ಲೆಯ ವೇಮಗಲ್.

ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಬೆಂಗಳೂರಿನ ಎಚ್‌ಎಎಲ್ ದಶಕಗಳ ಕಾಲ ತಯಾರಿಸಿದ ಚೇತಕ್ ಮತ್ತು ಚೀತಾ ಹೆಲಿಕಾಪ್ಟರ್‌ಗಳ ಮೂಲ ವಿನ್ಯಾಸ ಫ್ರಾನ್ಸ್‌ನದು. ಅಲ್ಲಿ ಅವುಗಳ ಹೆಸರು ಅಲುವೆಟ್ 3 ಮತ್ತು ಲಾಮಾ. ಅವನ್ನು ರೂಪಿಸಿದ ಫ್ರೆಂಚ್ ಕಂಪನಿಯೇ ಹಲವು ವಿಲೀನಗಳ ಬಳಿಕ ಇಂದಿನ ಏರ್‌ಬಸ್ ಹೆಲಿಕಾಪ್ಟರ್ಸ್ ಆಯಿತು. ಸಿಯಾಚಿನ್‌ನ ಹಿಮಕ್ಕೆ ಸೈನಿಕರ ಸಾಮಾನು ಹೊತ್ತ ಚೀತಾ ಮತ್ತು ಮೊನಾಕೊದ ಕಡಲಂಚಿಗೆ ಪ್ರವಾಸಿಗರನ್ನು ಇಳಿಸುವ ಎಚ್130 ಒಂದೇ ವಂಶದ ಎರಡು ತಲೆಮಾರುಗಳು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಸುತ್ತ ಬೆಳೆದವರಿಗೆ ಚೇತಕ್‌ನ ಸದ್ದು ಗೊತ್ತು. ಮೊನಾಕೊದಲ್ಲಿ ಅದರ ಕಿರಿಯ ಸಂಬಂಧಿಯ ಸದ್ದು ಕೇಳಿದಾಗ ಹೋಲಿಸಿ ನೋಡಿ.

ಒಂದೇ ಎಂಜಿನ್ ಎಂದಿರಿ. ಅದು ನಿಂತರೆ?

ಈ ಪ್ರಶ್ನೆ ಕೇಳದೆ ಯಾರೂ ಹತ್ತಬಾರದು, ಉತ್ತರ ತಿಳಿಯದೆ ಹೆದರಲೂಬಾರದು. ಮಲೆನಾಡಿನ ಕಾಡಿನಲ್ಲಿ ಬೋಗಿ ಮರದ ರೆಕ್ಕೆಬೀಜ ಗಿರಗಿರನೆ ತಿರುಗುತ್ತಾ ಮೆಲ್ಲಗೆ ಇಳಿಯುವುದನ್ನು ನೀವು ನೋಡಿರಬಹುದು. ಅದಕ್ಕೆ ಎಂಜಿನ್ ಇಲ್ಲ. ಕೆಳಗೆ ಬೀಳುವಾಗ ಎದುರಾಗುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಎಂಜಿನ್ ನಿಂತ ಹೆಲಿಕಾಪ್ಟರ್ ಕೂಡ ಇದೇ ರೀತಿ ಇಳಿಯುತ್ತದೆ. ಪೈಲಟ್ ನೆತ್ತಿಯ ಮೇಲೆ ತಿರುಗುವ ರೋಟರ್‌ನ ಅಲಗುಗಳ ಓರೆಯನ್ನು ಕೂಡಲೇ ಬದಲಿಸುತ್ತಾನೆ, ಕೆಳಗಿನಿಂದ ನುಗ್ಗುವ ಗಾಳಿಗೆ ರೋಟರ್ ತಿರುಗುತ್ತಲೇ ಇರುತ್ತದೆ, ಕೊನೆಯ ಕ್ಷಣದಲ್ಲಿ ಆ ತಿರುಗುವಿಕೆಯಲ್ಲಿ ಉಳಿದ ಶಕ್ತಿಯನ್ನು ಬಳಸಿ ವೇಗ ತಗ್ಗಿಸಿ ನೆಲಕ್ಕೋ ನೀರಿಗೋ ಇಳಿಸುತ್ತಾನೆ. ಪ್ರತಿ ಪೈಲಟ್ ತರಬೇತಿಯಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾನೆ.

ಹೆಲಿಪೋರ್ಟ್ ಕಡಲಂಚಿನಲ್ಲಿ ಇರುವುದರ ದೊಡ್ಡ ಲಾಭ ಇಲ್ಲೇ ಇದೆ. ಬರುವುದೂ ಹೋಗುವುದೂ ನೀರಿನ ಮೇಲಿನಿಂದ. ಮನೆಗಳ ನೆತ್ತಿಯ ಮೇಲೆ ಇಳಿಯಬೇಕಾಗಿಲ್ಲ. ತುರ್ತು ಬಂದರೆ ಎದುರಿಗೆ ಅಡ್ಡಿಯಿಲ್ಲದ ಬಯಲು. ಕಡಲ ಮೇಲೆ ಹಾರುವ ಇಂಥ ಹೆಲಿಕಾಪ್ಟರ್‌ಗಳ ಕಾಲಿಗೆ ಮಡಚಿದ ತೇಲುಚೀಲಗಳನ್ನು ಕಟ್ಟಿರುತ್ತಾರೆ. ನೀರಿಗೆ ಇಳಿಯಬೇಕಾದರೆ ಅವು ಉಬ್ಬಿಕೊಳ್ಳುತ್ತವೆ.

ಅಪಘಾತ ಆಗಿಯೇ ಇಲ್ಲ ಎಂದು ಹೇಳಲಾರೆ. 2022ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಿಂದ ಮೊನಾಕೊಗೆ ಬರುತ್ತಿದ್ದ ಹೆಲಿಕಾಪ್ಟರ್ ಎಝ್ ಬಳಿಯ ಗುಡ್ಡದಲ್ಲಿ ಬಿದ್ದು ಅದರಲ್ಲಿದ್ದ ಇಬ್ಬರೂ ಮೃತಪಟ್ಟರು. ಅದು ನೀಸ್–ಮೊನಾಕೊ ನಡುವಿನ ನಿತ್ಯದ ಕಡಲ ದಾರಿಯ ಹಾರಾಟವಾಗಿರಲಿಲ್ಲ. ಆದರೂ ಬೆಟ್ಟ ಮತ್ತು ಕಡಲು ಇಷ್ಟು ಹತ್ತಿರ ಇರುವ ಕಡೆ ಆಕಾಶವನ್ನು ಹಗುರವಾಗಿ ಕಾಣಬಾರದು. ಪೈಲಟ್ ‘ಇವತ್ತು ಹಾರುವುದಿಲ್ಲ’ ಎಂದರೆ ಅದು ನಿಮ್ಮ ಒಳ್ಳೆಯದಕ್ಕೆ.

ಯಾವಾಗ ಹಾರಾಟ ರದ್ದಾಗುತ್ತದೆ?

ಈ ಹಾರಾಟಗಳು ಮುಖ್ಯವಾಗಿ ಕಣ್ಣಿನ ನೋಟವನ್ನು ನೆಚ್ಚಿಕೊಂಡವು. ಮೋಡ ಕೆಳಕ್ಕೆ ಇಳಿದರೆ, ಮಂಜು ಕವಿದರೆ, ಗಾಳಿ ಜೋರಾಗಿ ದಿಕ್ಕು ಬದಲಿಸುತ್ತಿದ್ದರೆ ಸೇವೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಇಂಥ ದಿನಗಳು ಕಡಿಮೆ. ರದ್ದಾದರೆ ಪ್ರಯಾಣಿಕರನ್ನು ಕಾರಿನಲ್ಲಿ ಕಳುಹಿಸುವುದೋ ಹಣ ಹಿಂತಿರುಗಿಸುವುದೋ ಕಂಪನಿಯ ನಿಯಮವನ್ನು ಅವಲಂಬಿಸಿದೆ, ಮೊದಲೇ ಓದಿಕೊಳ್ಳಿ. ನೀಸ್‌ನಿಂದ ಮುಂದಿನ ವಿಮಾನ ಹಿಡಿಯಬೇಕಾದವರು ರೈಲಿನ ವೇಳಾಪಟ್ಟಿಯನ್ನೂ ಜೇಬಿನಲ್ಲಿ ಇಟ್ಟುಕೊಂಡಿರಬೇಕು.

ಕಾರ್ ರೇಸ್ ಸಮಯದಲ್ಲಿ ಹೇಗಿರುತ್ತದೆ?

ಮೊನಾಕೊ ಗ್ರ್ಯಾನ್ ಪ್ರೀ 1929ರಿಂದ ನಡೆದುಕೊಂಡು ಬಂದಿದೆ. 3.337 ಕಿಲೋಮೀಟರಿನ ಆ ಓಟದ ದಾರಿ ಊರಿನ ರಸ್ತೆಗಳೇ. ಅಂದರೆ ರೇಸ್ ನಡೆಯುವಾಗ ಊರಿನ ಮುಖ್ಯ ರಸ್ತೆಗಳು ಮುಚ್ಚಿರುತ್ತವೆ. ಆಗ ಹೆಲಿಪೋರ್ಟ್ ಜಾತ್ರೆಯ ದಿನದ ಬಸ್ ನಿಲ್ದಾಣದಂತಾಗುತ್ತದೆ. ಒಂದು ಇಳಿದರೆ ಇನ್ನೊಂದು ಏಳುತ್ತದೆ, ಮತ್ತೊಂದು ಕಡಲ ಮೇಲೆ ಸರದಿಗಾಗಿ ಕಾಯುತ್ತಿರುತ್ತದೆ. ದರವೂ ಏರುತ್ತದೆ. ಬಹುಕಾಲ ಮೇ ಕೊನೆಯಲ್ಲಿ ನಡೆಯುತ್ತಿದ್ದ ರೇಸ್ 2026ರಿಂದ ಜೂನ್‌ಗೆ ಸರಿದಿದೆ. ರೇಸ್ ನೋಡುವ ಉದ್ದೇಶ ಇಲ್ಲದವರು ಆ ವಾರವನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ.

ಸುತ್ತಲಿನ ಜನಕ್ಕೆ ಸದ್ದಿನ ತೊಂದರೆ ಇಲ್ಲವೆ?

ಇದೆ. ಅದನ್ನು ಮುಚ್ಚಿಡಬಾರದು. ಹೆಲಿಪೋರ್ಟ್ ಫೊಂವಿಯೆಯ್‌ನ ಮನೆಗಳಿಗೆ ಹತ್ತಿರ. ಗಡಿಯಾಚೆಯ ಕಾಪ್ ದಾಯ್‌ಗೂ ಹತ್ತಿರ. ದೇಶ ಮೊನಾಕೊದ್ದು, ಪ್ರಯಾಣಿಕರು ಎಲ್ಲೆಲ್ಲಿಯವರೋ, ಸದ್ದು ಮಾತ್ರ ಪಕ್ಕದ ಫ್ರೆಂಚ್ ಊರಿನ ಕಿಟಕಿಗೂ ಬಡಿಯುತ್ತದೆ. ಏಳು ನಿಮಿಷದಲ್ಲಿ ನಮ್ಮ ಪಾಲಿನ ಸದ್ದು ಮುಗಿಯುತ್ತದೆ, ಅಲ್ಲಿ ಬಾಳುವವರಿಗೆ ಅದು ದಿನವಿಡೀ ಮರಳಿ ಬರುತ್ತದೆ. ಕಡಲ ಮೇಲಿನ ದಾರಿಯನ್ನೇ ಹಿಡಿಯುವುದು, ದಡದಿಂದ ದೂರ ಉಳಿಯುವುದು, ಫೆನೆಸ್ಟ್ರಾನ್‌ನಂಥ ಮೆತ್ತನೆಯ ಯಂತ್ರಗಳನ್ನು ಬಳಸುವುದು, ಇವೆಲ್ಲ ಸ್ವಲ್ಪ ಸಮಾಧಾನ ತರುತ್ತವೆ. ಟಿಕೆಟ್ ಕೊಳ್ಳುವ ಮುನ್ನ ರೈಲನ್ನೂ ಯೋಚಿಸಿ ಎಂದು ನಾನು ಹೇಳುವುದಕ್ಕೆ ದರದ ಜೊತೆಗೆ ಇದೂ ಕಾರಣ.

ಇಂಧನದ ಪ್ರಶ್ನೆಯೂ ಇದೆ. 2050ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ಸರಿತೂಗಿಸುವ ಗುರಿಯನ್ನು ಮೊನಾಕೊ ಹಾಕಿಕೊಂಡಿದೆ. ಬ್ಯಾಟರಿಯಿಂದ ನೆಟ್ಟಗೆ ಏರುವ ವಿಮಾನಗಳು ಪ್ರಯಾಣಿಕರ ಸೇವೆಗೆ ಬಂದಾಗ, ಇಷ್ಟು ಚಿಕ್ಕ ದೂರದ ದಾರಿಗಳು ಅವಕ್ಕೆ ಚೆನ್ನಾಗಿ ಒಪ್ಪುತ್ತವೆ.

ಇಲ್ಲಿಂದ ಸೇವೆ ನಡೆಸುವವರು ಯಾರು? ಬೇರೆ ಊರುಗಳಿಗೂ ಹೋಗಬಹುದೆ?

ಹೆಲಿ ಏರ್ ಮೊನಾಕೊ ಎಂಬ ಕಂಪನಿ 1976ರಲ್ಲಿ ಆರಂಭವಾಗಿ ದಶಕಗಳ ಕಾಲ ನೀಸ್ ಸೇವೆಯನ್ನು ನಡೆಸಿತು. ಮೊನಾಕೊದ ರಾಜಕುಮಾರಿ ಕ್ಯಾರೊಲಿನ್ ಅವರ ಪತಿ ಸ್ಟೆಫಾನೊ ಕಸಿರಾಗಿ 1988ರಲ್ಲಿ ಮೊನಾಕೇರ್ ಎಂಬ ಇನ್ನೊಂದು ಕಂಪನಿ ಕಟ್ಟಿದರು. ಎರಡು ವರ್ಷಗಳ ಬಳಿಕ ವೇಗದೋಣಿಯ ಸ್ಪರ್ಧೆಯೊಂದರಲ್ಲಿ ಅವರು ತೀರಿಕೊಂಡರು. ಕಂಪನಿ ಉಳಿಯಿತು, 2016ರಿಂದ ನೀಸ್‌ನ ನಿತ್ಯಸೇವೆ ಅದರ ಕೈಗೆ ಬಂತು. 2022ರಲ್ಲಿ ಅಮೆರಿಕದ ಬ್ಲೇಡ್ ಕಂಪನಿ ಅದರ ಪ್ರಯಾಣಿಕ ಸೇವೆಯ ವ್ಯವಹಾರವನ್ನು ಕೊಂಡುಕೊಂಡಿತು. ಕಾನ್, ಸಾಂ ತ್ರೋಪೆಯಂಥ ಕಡೆಗೆ ಬಾಡಿಗೆ ಹಾರಾಟಗಳೂ ಸಿಗುತ್ತವೆ. ಮೊನಾಕೊದಲ್ಲಿ ನೋಂದಣಿಯಾದ ಹೆಲಿಕಾಪ್ಟರ್‌ಗಳ ಮೈಮೇಲೆ ‘3ಎ’ ಎಂದು ಆರಂಭವಾಗುವ ಗುರುತು ಇರುತ್ತದೆ, ನಮ್ಮ ವಿಮಾನಗಳ ಮೇಲೆ ‘ವಿಟಿ’ ಇರುವಂತೆ. ನಿಂತ ಹೆಲಿಕಾಪ್ಟರ್‌ಗಳಲ್ಲಿ ಯಾವುದು ಅಲ್ಲಿಯದು, ಯಾವುದು ಪರದೇಶದ್ದು ಎಂದು ಮಕ್ಕಳಿಗೆ ಗುರುತಿಸಲು ಹೇಳಿ.

ಹೆಲಿಕಾಪ್ಟರ್ ಬರುವ ಮೊದಲು ಮೊನಾಕೊದ ಆಕಾಶ ಖಾಲಿಯಿತ್ತೆ?

ಖಾಲಿಯಿರಲಿಲ್ಲ. 1910ರ ವಸಂತದಲ್ಲೇ ಆನ್ರಿ ರೂಜಿಯೆ ಎಂಬ ಫ್ರೆಂಚ್ ಹಾರಾಟಗಾರ ವುವಾಸಾನ್ ವಿಮಾನದಲ್ಲಿ ಮೊನಾಕೊದಿಂದ ಕಡಲ ಮೇಲೆ ಹಾರಿದ್ದ. ಬಳಿಕ ನೀರಿನಿಂದಲೇ ಏಳುವ ವಿಮಾನಗಳ ಕಾಲ ಬಂತು. 1913ರ ಏಪ್ರಿಲ್‌ನಲ್ಲಿ ಅಂಥ ವಿಮಾನಗಳ ಪ್ರಸಿದ್ಧ ವೇಗದ ಪಂದ್ಯವಾದ ಶ್ನೈಡರ್ ಟ್ರೋಫಿಯ ಮೊಟ್ಟಮೊದಲ ಸ್ಪರ್ಧೆ ನಡೆದದ್ದು ಇಲ್ಲಿಯೇ. ಮೋರಿಸ್ ಪ್ರೆವೊ ಗೆದ್ದರು. ಮರುವರ್ಷವೂ ಸ್ಪರ್ಧೆ ಇಲ್ಲೇ ನಡೆದು, ಬ್ರಿಟನ್ನಿನ ಹೊವರ್ಡ್ ಪಿಕ್ಸ್‌ಟನ್ ಗೆದ್ದರು. ಆಗ ರನ್‌ವೇ ಆಗಿದ್ದದ್ದು ಕಡಲಿನ ಮೈಯೇ. ನೆಲವಿಲ್ಲದ ಊರಿಗೆ ಮೊದಲು ಕಡಲೇ ಹಾಸಾಯಿತು, ಆಮೇಲೆ ಅದೇ ಕಡಲಿನ ಒಂದು ತುಂಡು ನೆಲವಾಯಿತು.

ವಿಮಾನ ನಿಲ್ದಾಣವಿಲ್ಲದ ಬೇರೆ ದೇಶಗಳಿವೆಯೆ?

ಯುರೋಪಿನಲ್ಲೇ ಇನ್ನೂ ನಾಲ್ಕು ಇವೆ: ಆಂಡೊರಾ, ಲಿಕ್ಟೆನ್‌ಸ್ಟೈನ್, ಸ್ಯಾನ್ ಮರೀನೊ, ವ್ಯಾಟಿಕನ್. ಪ್ರಯಾಣಿಕರ ವಿಮಾನಗಳು ಇಳಿಯುವ ನಿಲ್ದಾಣ ಇವುಗಳಲ್ಲಿ ಯಾವುದಕ್ಕೂ ಇಲ್ಲ. ವ್ಯಾಟಿಕನ್‌ನ ಉದ್ಯಾನದ ಮೂಲೆಯಲ್ಲಿ 1976ರಿಂದ ಒಂದು ಹೆಲಿಪೋರ್ಟ್ ಇದೆ. ಕಡಲಿರುವುದು ಮಾತ್ರ ಈ ಐದರಲ್ಲಿ ಮೊನಾಕೊ ಒಂದಕ್ಕೇ.

ಹಣ ಕೊಟ್ಟು ಹತ್ತದೆ, ಸುಮ್ಮನೆ ನೋಡಬಹುದೆ?

ಖಂಡಿತ. ಬಂಡೆಯ ಮೇಲಿನ ಅರಮನೆಯ ಚೌಕಕ್ಕೆ ಹೋಗಿ ಪಶ್ಚಿಮದ ಗೋಡೆಯ ಅಂಚಿಗೆ ಬನ್ನಿ. ಕೆಳಗೆ ಫೊಂವಿಯೆಯ್‌ನ ದೋಣಿಗಳು, ಅದರಾಚೆ ಕ್ರೀಡಾಂಗಣ. ಹೆಲಿಕಾಪ್ಟರ್‌ಗಳು ಕಡಲಿನ ಮೇಲೆ ಮೊದಲು ಸೊಳ್ಳೆಯಷ್ಟು ಚಿಕ್ಕದಾಗಿ ಕಂಡು, ನೋಡನೋಡುತ್ತಲೇ ದೊಡ್ಡದಾಗುತ್ತವೆ. ಇನ್ನೂ ಹತ್ತಿರದಿಂದ ನೋಡಬೇಕಾದರೆ ಫೊಂವಿಯೆಯ್‌ನ ಬೀದಿಗಳಲ್ಲಿ ಕಡಲಿನತ್ತ ನಡೆಯಿರಿ. ಬೆಟ್ಟದ ಊರಾದರೂ ಸಾರ್ವಜನಿಕ ಲಿಫ್ಟ್‌ಗಳಿರುವುದರಿಂದ ವಯಸ್ಸಾದವರಿಗೂ ಕಷ್ಟವಾಗದು. ನಡೆಯುವ ಉಮೇದು ಉಳಿದಿದ್ದರೆ ಗಡಿ ದಾಟಿ ಕಾಪ್ ದಾಯ್‌ನ ಕಡಲಂಚಿನ ಕಾಲುದಾರಿ ಹಿಡಿಯಿರಿ. ಅಲ್ಲಿನ ಬಂಡೆಯ ಮೇಲೆ ಕುಳಿತು, ನೀಸ್ ಕಡೆಯಿಂದ ಬರುವ ಮುಂದಿನ ಹೆಲಿಕಾಪ್ಟರ್‌ಗಾಗಿ ಕಾಯಿರಿ. ಸಂಜೆಯ ಬಿಸಿಲು ಓರೆಯಾಗಿ ಬೀಳುವ ಹೊತ್ತು ಅದಕ್ಕೆ ಎಲ್ಲಕ್ಕಿಂತ ಒಳ್ಳೆಯದು.